ಹಿತ್ತಲಿನ ಸೊಪ್ಪು, ನೆರೆಮನೆಯ ಬೆಕ್ಕು

ಮನೆಯ ಹಿಂದೆ ನಾಲ್ಕು ಮಡಿ ಸೊಪ್ಪು ಬೆಳೆದುಕೊಳ್ಳುವ ರೂಢಿ ನಮ್ಮ ಊರುಕೇರಿಗಳಲ್ಲಿ ಮತ್ತೆ ಕುದುರುತ್ತಿರುವುದು ಸಂತೋಷದ ಸಂಗತಿ. ಪೇಟೆಯ ಸೊಪ್ಪಿಗೆ ಸಿಂಪಡಿಸುವ ಔಷಧಗಳ ಭಯದಿಂದಲೋ, ನಿವೃತ್ತಿಯ ನಂತರದ ಬಿಡುವಿನಿಂದಲೋ, ಅನೇಕ ಸದ್ಭಕ್ತರು ಹಿತ್ತಲಿನಲ್ಲಿ, ಮಾಳಿಗೆಯ ಮೇಲೆ ಮೆಂತ್ಯೆ, ಕೊತ್ತಂಬರಿ, ರಾಜಗಿರಿ, ಪಾಲಕ ಬೆಳೆಯತೊಡಗಿದ್ದಾರೆ. ಹೀಗೆ ಬೆಳೆದವರೆಲ್ಲರೂ ಒಂದಲ್ಲ ಒಂದು ದಿನ ಕಾಣುವ ದೃಶ್ಯವೊಂದಿದೆ. ನಿನ್ನೆ ಕೈಯಾರೆ ಹದಮಾಡಿ ಬೀಜ ಚೆಲ್ಲಿದ ಮಡಿಯ ನಟ್ಟನಡುವೆ ಇಂದು ಬೆಳಿಗ್ಗೆ ಒಂದು ಗುಣಿ. ಅದರ ಮೇಲೆ ಕಾಲಿನಿಂದ ಎಳೆದು ಮುಚ್ಚಿದ ಮಣ್ಣು. ಮಣ್ಣಿನಡಿಯಲ್ಲಿ ಬೆಕ್ಕಿನ ಮಲ.

ಬಹುತೇಕರು ಇದನ್ನು ಅಸಹ್ಯವೆಂದಷ್ಟೇ ಎಣಿಸುತ್ತಾರೆ. ನಾವೂ ಹಾಗೆಯೇ ಎಣಿಸಿದ್ದೆವು. ಮೂಗು ಮುಚ್ಚಿಕೊಂಡು ಎತ್ತಿ ಬೇಲಿಯಾಚೆ ಎಸೆದು, ಕೆದರಿದ ಬೀಜಗಳಿಗಾಗಿ ಒಂದಿಷ್ಟು ಬೈದು, ಮತ್ತೆ ಬರಿಗೈಯಿಂದಲೇ ಮಣ್ಣು ಸಮಮಾಡಿ ಸುಮ್ಮನಾಗುತ್ತಿದ್ದೆವು. ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಇದು ಎರಡು ವರ್ಷ ನಡೆಯಿತು. ಇದು ಬೀಜದ ನಷ್ಟಕ್ಕಿಂತ ದೊಡ್ಡದಾದ ವಿಷಯವೆಂದು ತಿಳಿದದ್ದು, ಬಸುರಿಯಾದ ನಮ್ಮ ಮಗಳು ಮೂರನೆಯ ತಿಂಗಳಲ್ಲಿ ವಾಂತಿಯಿಂದ ಬಳಲಿ ವಿಶ್ರಾಂತಿಗೆಂದು ತವರಿಗೆ ಬಂದಾಗ.

ಶಿವರಾತ್ರಿಯ ಹಿಂದುಮುಂದಿನ ದಿನಗಳು. ಅವಳಿಗೆ ಬೇರೆ ಯಾವ ಊಟವೂ ಸೇರುತ್ತಿರಲಿಲ್ಲ. ಬೆಳಿಗ್ಗೆ ತಾನೇ ಹಿತ್ತಲಿಗೆ ಹೋಗಿ ಎಳೆಯ ಮೆಂತ್ಯೆಯನ್ನು ಬೇರುಸಹಿತ ಕಿತ್ತು, ತೊಳೆದಂತೆ ಮಾಡಿ, ಬಿಸಿ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವಳು. ಅದೊಂದೇ ರುಚಿಸುತ್ತಿತ್ತು, ನಾವೂ ತಿನ್ನಲಿ ಎಂದು ಬಿಟ್ಟಿದ್ದೆವು. ತಪಾಸಣೆಗೆ ಹೋದಾಗ ವೈದ್ಯೆ ಊಟದ ವಿಚಾರ ಕೇಳಿದರು. ಮಗಳು ಹಿತ್ತಲಿನ ಸೊಪ್ಪಿನ ಸುದ್ದಿ ಹೇಳಿದಳು. ವೈದ್ಯೆ ಬರೆಯುವುದನ್ನು ನಿಲ್ಲಿಸಿ, ಹಿತ್ತಲಿಗೆ ಬೆಕ್ಕು ಬರುತ್ತದೆಯೇ ಎಂದು ಕೇಳಿದರು. ನಾವು ನಕ್ಕು, ನಮ್ಮದು ಸಸ್ಯಾಹಾರಿ ಮನೆತನ, ಬೆಕ್ಕು ಸಾಕಿಲ್ಲ ಎಂದೆವು. "ಮಾಂಸ ತಿನ್ನುವುದಿಲ್ಲ, ಸರಿ. ಮಣ್ಣು ಮುಟ್ಟುತ್ತೀರಲ್ಲವೇ?" ಎಂದರು ಅವರು.

ಆ ಒಂದು ಪ್ರಶ್ನೆಯಿಂದ ನಾವು ಕಲಿತದ್ದನ್ನು, ಆಮೇಲೆ ಹಿತ್ತಲಿನಲ್ಲಿ ಮಾಡಿ ತಪ್ಪಿ ತಿದ್ದಿಕೊಂಡದ್ದನ್ನು ಓದುಗ ಬಂಧುಗಳ ಮುಂದೆ, ವಿಶೇಷವಾಗಿ ತಾಯಂದಿರ ಮುಂದೆ, ಇಡುತ್ತಿದ್ದೇವೆ.

ಟಾಕ್ಸೊಪ್ಲಾಸ್ಮಾ ಎಂಬುದೊಂದು ಏಕಕೋಶದ ಪರೋಪಜೀವಿ. 1908ರಲ್ಲಿ ಟ್ಯುನಿಸ್ ನಗರದಲ್ಲಿ ಚಾರ್ಲ್ಸ್ ನಿಕೋಲ್ ಮತ್ತು ಲೂಯಿ ಮಾನ್ಸೊ ಎಂಬ ವಿಜ್ಞಾನಿಗಳು ಇಲಿಯನ್ನು ಹೋಲುವ ಗುಂಡಿ ಎಂಬ ಪ್ರಾಣಿಯಲ್ಲಿ ಇದನ್ನು ಕಂಡರು. ಬಿಲ್ಲಿನಂತೆ ಬಾಗಿದ ಆಕಾರದಿಂದ ಅದಕ್ಕೆ ಆ ಗ್ರೀಕ್ ಮೂಲದ ಹೆಸರು. ಇದರ ಬಾಳಿನಲ್ಲಿ ಬೆಕ್ಕಿನ ಪಾತ್ರವೇನೆಂಬುದು ಸ್ಪಷ್ಟವಾಗಲು 1970ರ ಹೊತ್ತಾಯಿತು. ಈ ಜೀವಿ ಹಕ್ಕಿ, ಇಲಿ, ಕುರಿ, ಮನುಷ್ಯ ಹೀಗೆ ಯಾವ ಬಿಸಿರಕ್ತದ ಪ್ರಾಣಿಯಲ್ಲಿಯಾದರೂ ನೆಲೆಸಬಲ್ಲದು. ಆದರೆ ತನ್ನ ಸಂತಾನಕ್ರಿಯೆಯನ್ನು ಪೂರ್ಣಗೊಳಿಸುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಸೋಂಕಿರುವ ಇಲಿಯನ್ನೋ ಗುಬ್ಬಿಯನ್ನೋ ತಿಂದ ಎಳೆಯ ಬೆಕ್ಕು ಕೆಲವು ದಿನಗಳ ನಂತರ ತನ್ನ ಮಲದಲ್ಲಿ ಮೊಟ್ಟೆಯಂಥ ಸೂಕ್ಷ್ಮಕೋಶಗಳನ್ನು ಲಕ್ಷಗಟ್ಟಲೆ ಹೊರಹಾಕತೊಡಗುತ್ತದೆ. ಒಂದರಿಂದ ಮೂರು ವಾರ ಇದು ನಡೆಯುತ್ತದೆ. ಆಮೇಲೆ ಬೆಕ್ಕಿನ ಮೈ ಪಾಠ ಕಲಿಯುತ್ತದೆ. ಮತ್ತೆ ಹಾಗೆ ಹೊರಹಾಕುವುದು ಅಪರೂಪ. ಈ ಇಡೀ ಅವಧಿಯಲ್ಲಿ ಬೆಕ್ಕು ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ. ನೋಡಿ ಗುರುತಿಸುವಂತಿಲ್ಲ.

ಆ ಕೋಶಗಳು ಎಷ್ಟು ಸಣ್ಣವೆಂದರೆ ನೂರನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಷ್ಟಾದೀತು. ತಂಪಾದ, ತೇವದ ಮಣ್ಣಿನಲ್ಲಿ ಅವು ವರ್ಷಕ್ಕೂ ಮಿಕ್ಕಿ ಜೀವಂತವಾಗಿರಬಲ್ಲವು. ಆದರೆ ಅವುಗಳಲ್ಲಿ ನಮಗೆ ಅನುಕೂಲವಾದ ಒಂದು ಗುಣವಿದೆ. ಹೊರಬಿದ್ದ ಕೂಡಲೇ ಅವು ಸೋಂಕು ತಗುಲಿಸಲಾರವು; ಹೊರಗಿನ ಗಾಳಿಯಲ್ಲಿ 1ರಿಂದ 5 ದಿನ ಕಳೆದು ಬಲಿತ ಮೇಲೆಯೇ ಅಪಾಯ. ಎಂದರೆ ಪ್ರತಿದಿನ ಬೆಳಿಗ್ಗೆ ಮಡಿಯನ್ನು ನೋಡಿ, ಬಿದ್ದದ್ದನ್ನು ಅಂದೇ ತೆಗೆದವರು ಅಪಾಯದ ಬಹುಪಾಲನ್ನು ಮೊದಲೇ ತೆಗೆದಂತೆ. ವಾರಕ್ಕೊಮ್ಮೆ ಹಿತ್ತಲಿಗೆ ಹೋಗುವವರಿಗೆ ಈ ಅನುಕೂಲವಿಲ್ಲ.

ಆರೋಗ್ಯವಂತರ ಮೈ ಸೇರಿದರೆ ಬಹುಮಂದಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಸಣ್ಣ ಜ್ವರ, ಕುತ್ತಿಗೆಯಲ್ಲಿ ಗಂಟು ಬಂದು ತಾನಾಗಿ ಹೋಗುತ್ತದೆ. ಕಣ್ಣಿನ ಒಳಪದರಕ್ಕೆ ಹತ್ತಿದರೆ ಮಾತ್ರ ದೃಷ್ಟಿ ಮಂಜಾಗುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಔಷಧ ಪಡೆಯುತ್ತಿರುವವರು, ಎಚ್‌ಐವಿ ಸೋಂಕಿರುವವರು, ಒಟ್ಟಿನಲ್ಲಿ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಮಿದುಳಿಗೆ ಏರಬಹುದು. ಇನ್ನು ಬಸುರಿಯರ ವಿಷಯ. ಜೀವನದಲ್ಲಿ ಮೊದಲ ಬಾರಿಯ ಸೋಂಕು ಗರ್ಭಾವಸ್ಥೆಯಲ್ಲಿಯೇ ತಗುಲಿದರೆ ಅದು ಮಗುವಿಗೆ ದಾಟಬಲ್ಲದು. ಮೊದಲ ತಿಂಗಳುಗಳಲ್ಲಿ ದಾಟುವ ಸಂಭವ ಕಡಿಮೆ, ದಾಟಿದರೆ ಹಾನಿ ಹೆಚ್ಚು: ಗರ್ಭ ಹೋಗಬಹುದು, ಮಗುವಿನ ಮಿದುಳಿಗೆ, ಕಣ್ಣಿಗೆ ಪೆಟ್ಟಾಗಬಹುದು. ದಿನ ತುಂಬುತ್ತ ಬಂದಂತೆ ದಾಟುವ ಸಂಭವ ಹೆಚ್ಚು, ಹಾನಿ ಕಡಿಮೆ.

ಮಗಳ ರಕ್ತಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಯಾವ ಸೋಂಕೂ ಇರಲಿಲ್ಲ. ನಾವು ಹಗುರಾದೆವು. ವೈದ್ಯೆ ಮಾತ್ರ ಹಗುರಾಗಲಿಲ್ಲ. ಹಳೆಯ ಸೋಂಕು ಇದ್ದಿದ್ದರೆ ಮೈಯಲ್ಲಿ ರಕ್ಷಣೆ ಇರುತ್ತಿತ್ತು, ಇವಳಿಗೆ ಅದಿಲ್ಲ, ಆದುದರಿಂದ ಮುಂದಿನ ಆರು ತಿಂಗಳು ಎಚ್ಚರ ಬೇಕು ಎಂದರು. ಈ ಮಾತು ತಲೆಕೆಳಗಾದಂತೆ ಕೇಳಿಸುತ್ತದೆ, ಆದರೂ ನೆನಪಿಡತಕ್ಕದ್ದು. ಏಕೆಂದರೆ ಇದರ ವಿರುದ್ಧದ ಗಾಬರಿ ನಮ್ಮ ಮನೆಗಳಲ್ಲಿ ಬಹಳ. ಒಮ್ಮೆ ಗರ್ಭ ಹೋದರೆ ಸಾಕು, ಟಾರ್ಚ್ ಪರೀಕ್ಷೆ ಎಂದು ಒಂದು ಮಾಡಿಸುತ್ತಾರೆ. ವರದಿಯಲ್ಲಿ ಟಾಕ್ಸೊಪ್ಲಾಸ್ಮಾದ ಐಜಿಜಿ ಇದೆ ಎಂದು ಬಂದೊಡನೆ ಸೊಸೆಗೆ ರೋಗವಿದೆ ಎಂಬ ಮಾತು ಓಣಿ ತುಂಬುತ್ತದೆ. ಐಜಿಜಿ ಮಾತ್ರ ಇದ್ದು ಐಜಿಎಂ ಇಲ್ಲದಿದ್ದರೆ ಅದು ಎಂದೋ ಬಂದು ಹೋದ ಸೋಂಕಿನ ಗುರುತು. ಅಂಥ ತಾಯಿಯ ಮಗುವಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ವರದಿಯನ್ನು ವೈದ್ಯರು ಓದಬೇಕು, ನೆಂಟರಲ್ಲ.

ಇಲ್ಲಿ ನಮ್ಮಂಥ ಸಸ್ಯಾಹಾರಿಗಳು ಮಾಡುವ ತಪ್ಪೊಂದನ್ನು ಹೇಳಲೇಬೇಕು. ಈ ರೋಗ ಸರಿಯಾಗಿ ಬೇಯದ ಮಾಂಸದಿಂದ ಬರುತ್ತದೆ ಎಂದು ಕೆಲವರು ಓದಿರುತ್ತಾರೆ. ಅದು ನಿಜ. ಆದ್ದರಿಂದ ನಮಗೆ ಬರದು ಎಂಬುದು ನಿಜವಲ್ಲ. ಮಾಂಸ ತಿನ್ನದವರಿಗೆ ಉಳಿದ ದಾರಿಗಳೆಂದರೆ ಮಣ್ಣು, ನೀರು, ಹಸಿ ತರಕಾರಿ. 2004-05ರಲ್ಲಿ ನೆರೆಯ ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಣ್ಣಿನ ಟಾಕ್ಸೊಪ್ಲಾಸ್ಮಾ ಸೋಂಕು ಗುಂಪಾಗಿ ಕಾಣಿಸಿಕೊಂಡು, 248 ರೋಗಿಗಳ ವಿವರವನ್ನು ನೇತ್ರವೈದ್ಯರು ಪ್ರಕಟಿಸಿದರು. ಅಲ್ಲಿ ಸಂಶಯ ಹೋದದ್ದು ಊರಿಗೆಲ್ಲ ಸರಬರಾಜಾಗುವ ನೀರಿನ ಮೇಲೆ. ಇನ್ನು ನಮ್ಮ ಊಟವನ್ನು ನೋಡಿಕೊಳ್ಳೋಣ. ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಹಬ್ಬದಲ್ಲಿ ಕೋಸಂಬರಿ. ಇವೆಲ್ಲ ಆರೋಗ್ಯಕ್ಕೆ ಒಳ್ಳೆಯವು, ಬಿಡಬೇಕಾಗಿಲ್ಲ. ಆದರೆ ಇವೆಲ್ಲ ಮಣ್ಣಿಗೆ ಹತ್ತಿರದಲ್ಲಿಯೇ ಬೆಳೆದು ಒಲೆಯನ್ನು ಕಾಣದೆ ಬಾಯಿಗೆ ಬರುವಂಥವು.

ಬೆಕ್ಕು ನಮ್ಮ ಮಡಿಗೇ ಏಕೆ ಬರುತ್ತದೆ?

ಆಸ್ಪತ್ರೆಯಿಂದ ಬಂದ ಸಂಜೆಯೇ ನಾವು ಬೆಕ್ಕಿನ ಮೇಲೆ ಯುದ್ಧ ಸಾರಿದೆವು ಎಂದರೆ ತಪ್ಪಲ್ಲ. ಆ ಯುದ್ಧದಲ್ಲಿ ಮೂರು ವಾರ ಸೋತೆವು. ಸೋತದ್ದೇಕೆಂದರೆ ಬೆಕ್ಕು ಬರುವ ಕಾರಣವನ್ನು ನಾವು ಯೋಚಿಸಿಯೇ ಇರಲಿಲ್ಲ.

ಧಾರವಾಡದ ಸೀಮೆಯಲ್ಲಿ ಎರೆಮಣ್ಣು ಬಹಳ. ಒಣಗಿದರೆ ಕಲ್ಲು, ನೆನೆದರೆ ಅಂಟು. ಸೊಪ್ಪಿಗೆ ಅದು ಒಗ್ಗದೆಂದು ನಾವು ಮರಳು, ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ, ಹೆಂಟೆ ಒಡೆದು, ಕೈಯಾಡಿಸಿದರೆ ಹಿಟ್ಟಿನಂತೆ ಜಾರುವ ಮಡಿ ಕಟ್ಟಿದ್ದೆವು. ಬೆಕ್ಕಿಗೆ ಮಲ ಮುಚ್ಚಲು ಬೇಕಾದದ್ದು ಇಂಥದೇ ಮಣ್ಣು: ಸಡಿಲವಾದ, ಒಣಗಿದ, ಕಾಲಿನಿಂದ ಎಳೆದರೆ ಬರುವ ಮಣ್ಣು. ಸುತ್ತಲ ನಾಲ್ಕು ಮನೆಗಳ ಹಿತ್ತಲುಗಳಿಗೆ ಸಿಮೆಂಟು ಬಿದ್ದಿತ್ತು. ಉಳಿದ ನೆಲ ಗಟ್ಟಿ. ಇಡೀ ಓಣಿಯಲ್ಲಿ ಬೆಕ್ಕಿಗೆ ಅನುಕೂಲವಾದ ಜಾಗವೊಂದನ್ನು ನಾವೇ ಬೆವರು ಸುರಿಸಿ ಸಿದ್ಧಮಾಡಿ ಇಟ್ಟಿದ್ದೆವು. ಬಂದ ಬೆಕ್ಕನ್ನು ಕಳ್ಳನೆಂದು ಕರೆಯುತ್ತಿದ್ದೆವು. ಒಮ್ಮೆ ಬಳಸಿದ ಜಾಗದ ವಾಸನೆ ಹಿಡಿದು ಅದು ಮತ್ತೆ ಅಲ್ಲಿಗೇ ಬರುತ್ತದೆ. ಬೀಜ ಚೆಲ್ಲಿದ ದಿನದಿಂದ ಗಿಡಗಳು ನೆಲ ಮುಚ್ಚುವವರೆಗಿನ ಹದಿನೈದು ಇಪ್ಪತ್ತು ದಿನಗಳೇ ಮುಖ್ಯ ಕಾಟದ ದಿನಗಳು. ದಟ್ಟವಾಗಿ ಬೆಳೆದ ಮಡಿಗೆ ಬೆಕ್ಕು ಕಾಲಿಡುವುದು ಕಡಿಮೆ.

ಮೊದಲು ನಾವು ಮಾಡಿದ್ದು ಖಾರದಪುಡಿ ಉದುರಿಸಿದ್ದು. ಯಾರೋ ಹೇಳಿದ್ದರು. ಬೆಕ್ಕಿಗೆ ಏನಾಯಿತೋ ತಿಳಿಯದು. ಮರುದಿನ ಮೊಮ್ಮಗ ಅದೇ ಮಣ್ಣಿನಲ್ಲಿ ಆಡಿ ಕಣ್ಣು ತಿಕ್ಕಿಕೊಂಡು ಅರ್ಧ ತಾಸು ಅತ್ತ. ಬೆಕ್ಕೂ ಅದೇ ಪಾದವನ್ನು ನೆಕ್ಕಿ ಅದರಿಂದಲೇ ಮೋರೆ ಒರೆಸಿಕೊಳ್ಳುವ ಪ್ರಾಣಿ ಎಂಬುದು ಆಗ ಹೊಳೆಯಿತು. ಖಾರ ಬಿಟ್ಟೆವು. ಕಿತ್ತಳೆ, ನಿಂಬೆಯ ಸಿಪ್ಪೆ ಹರಡಿದೆವು. ಆ ವಾಸನೆ ಬೆಕ್ಕಿಗೆ ಆಗದು ನಿಜ, ಆದರೆ ಫಾಲ್ಗುಣದ ಬಿಸಿಲಿಗೆ ಎರಡೇ ದಿನದಲ್ಲಿ ಸಿಪ್ಪೆ ಒಣಗಿ ಕಸವಾಯಿತು. ಅಂಗಡಿಯವರು ನುಸಿಗುಳಿಗೆ ಕೊಟ್ಟರು. ಅದನ್ನು ಹಾಕುವ ಮುನ್ನ ವಿಚಾರಿಸಿದ್ದು ಒಳ್ಳೆಯದಾಯಿತು. ನುಸಿಗುಳಿಗೆ ಎಂಬುದು ಬಹುಮಟ್ಟಿಗೆ ನಾಫ್ತಲೀನ್. ಬೆಕ್ಕಿಗೂ ವಿಷ, ತಿನ್ನುವ ಸೊಪ್ಪಿನ ಮಣ್ಣಿಗೂ ಸಲ್ಲದು. ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಂಡ ಮಕ್ಕಳಲ್ಲಿ ರಕ್ತದ ಕೆಂಪುಕಣಗಳು ಒಡೆದು ಪ್ರಾಣಾಪಾಯ ಬರುವುದುಂಟು. ಕರಿ ಫಿನೈಲು ಎರಚುವವರೂ ಇದ್ದಾರೆ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಮನುಷ್ಯನಿಗೆ ಬರೀ ಘಾಟಾದದ್ದು ಅದಕ್ಕೆ ಮರಣವಾಗಬಹುದು. ಇಲಿಪಾಷಾಣ ಇಡುವ ಮಾತನ್ನು ಆಡಿದವರೂ ಇದ್ದರು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯಂತೆ ಅದು ಅಪರಾಧ. ಕಾಯಿದೆ ಇಲ್ಲದಿದ್ದರೂ ಅಂಥ ಮಾತು ನಮ್ಮ ಅಂಗಳದಲ್ಲಿ ಆಡತಕ್ಕದ್ದಲ್ಲ.

ಗೋಣಿಚೀಲದಲ್ಲಿ ಕಟ್ಟಿ ಹಳ್ಳದಾಚೆ ಬಿಟ್ಟು ಬರುವುದು ನಮ್ಮ ಕಡೆಯ ಹಳೆಯ ಉಪಾಯ. ಅದು ಎರಡು ಬಗೆಯಲ್ಲಿ ಕೆಡುತ್ತದೆ. ಬೆಕ್ಕು ಮರಳಿ ಬರುತ್ತದೆ. ಬಾರದಿದ್ದರೆ ತೆರವಾದ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ. ಹೊಸದಾಗಿ ಬೇಟೆ ಕಲಿಯುತ್ತಿರುವ ಎಳೆಯ ಬೆಕ್ಕೇ ಆ ಕೋಶಗಳನ್ನು ಹೆಚ್ಚಾಗಿ ಉದುರಿಸುವುದು ಎಂಬುದನ್ನು ನೆನೆದರೆ, ವಯಸ್ಸಾದ ಹಳೆಯ ಬೆಕ್ಕೇ ಓಣಿಯಲ್ಲಿ ಉಳಿಯುವುದು ನಮಗೆ ಲಾಭ. ಹಿಡಿಯಹೋದವರಿಗೆ ಕಚ್ಚುವ, ಪರಚುವ ಭಯವೂ ಇದೆ. ನಮ್ಮ ದೇಶದಲ್ಲಿ ಬೆಕ್ಕಿನ ಕಡಿತದಿಂದಲೂ ರೇಬೀಸ್ ಬರಬಹುದು. ಅಂಥ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳು ಈಗ ಮಾರಾಟಕ್ಕಿವೆ. ಬ್ರಿಟನ್ನಿನ ತೋಟಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದರಿಂದ ಬೆಕ್ಕುಗಳ ಬರವು ತಗ್ಗಿತೇ ಹೊರತು ನಿಲ್ಲಲಿಲ್ಲ. ನಾವು ಅದಕ್ಕೆ ಹಣ ಹಾಕಲಿಲ್ಲ.

ಕೈಹಿಡಿದ ಉಪಾಯಗಳು

ಬೇಲಿಯಿಂದ ಬೆಕ್ಕನ್ನು ತಡೆಯುವುದು ಕಷ್ಟ. ಐದು ಅಡಿಯ ಗೋಡೆಯನ್ನು ಅದು ಓಡದೆಯೇ ಹಾರುತ್ತದೆ. ಆದ್ದರಿಂದ ತಡೆಯಬೇಕಾದದ್ದು ಹಿತ್ತಲಿಗೆ ಬರುವುದನ್ನಲ್ಲ, ಮಡಿಯನ್ನು ಕೆದರುವುದನ್ನು. ಇದು ತಿಳಿದ ಮೇಲೆ ಕೆಲಸ ಸುಲಭವಾಯಿತು.

ಲೋಹದ ಸಾಮಾನಿನ ಅಂಗಡಿಯಲ್ಲಿ ಕೋಳಿಜಾಲರಿ ಎಂದು ಕೇಳಿದರೆ ಒಂದಿಂಚಿನ ಕಣ್ಣಿನ ತೆಳು ತಂತಿಯ ಬಲೆ ಸಿಗುತ್ತದೆ. ಬೀಜ ಚೆಲ್ಲಿ, ಮಣ್ಣು ಆಡಿಸಿದ ಕೂಡಲೇ ಅದನ್ನು ಮಡಿಯ ಮೇಲೆ ಚಾಪೆಯಂತೆ ನೆಲಕ್ಕೆ ಹಾಸಿ, ಅಂಚಿನ ಚೂಪು ತಂತಿಗಳನ್ನು ಕೆಳಗೆ ಮಡಚಿ, ನಾಲ್ಕೂ ಕಡೆ ಗೂಟ ಇಲ್ಲವೆ ಇಟ್ಟಿಗೆ ಇಡಬೇಕು. ಬೆಕ್ಕಿನ ಕಾಲಿಗೆ ತಂತಿ ತಾಕುತ್ತದೆ, ಮಣ್ಣು ಎಳೆಯಲು ಬರುವುದಿಲ್ಲ, ಅದು ಬೇರೆ ಜಾಗ ಹುಡುಕುತ್ತದೆ. ಮೆಂತ್ಯೆ, ಕೊತ್ತಂಬರಿ, ರಾಜಗಿರಿ ಬಲೆಯ ಕಣ್ಣುಗಳಿಂದ ತಾವಾಗಿ ಮೇಲೆ ಬರುತ್ತವೆ. ಒಂದೇ ತೊಡಕೆಂದರೆ ಮೆಂತ್ಯೆಯನ್ನು ಬೇರುಸಹಿತ ಕೀಳಲು ಬಲೆ ಅಡ್ಡವಾಗುತ್ತದೆ. ಕುಡುಗೋಲಿನಿಂದ ಬುಡದ ಮೇಲೆ ಕೊಯ್ಯುವುದನ್ನು ರೂಢಿಸಿಕೊಂಡೆವು. ಅದರಿಂದ ಬೇರಿನೊಡನೆ ಅಡಿಗೆಮನೆಗೆ ಬರುತ್ತಿದ್ದ ಹಿಡಿ ಮಣ್ಣೂ ತಪ್ಪಿತು.

ಬಲೆಗೆ ಹಣ ಹಾಕಲು ಮನಸ್ಸಿಲ್ಲದವರಿಗೆ ಹೊಲದ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಸಾಕು. ಮಡಿಯ ಮೇಲೆ ಉದ್ದಕ್ಕೊಂದು ಅಡ್ಡಕ್ಕೊಂದು ಹೆಣೆದಂತೆ, ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಬಿಡದೆ ಇಡಬೇಕು. ಬದನೆ, ಟೊಮ್ಯಾಟೊ, ಮೆಣಸಿನಗಿಡಗಳ ನಡುವಿನ ಬರಿ ನೆಲಕ್ಕೆ ತೆಂಗಿನ ಕರಟಗಳನ್ನು ಬೋರಲು ಹಾಕಿ ಒತ್ತಿದೆವು, ತೇವವೂ ಉಳಿಯಿತು. ಬೋರಲೇ ಇರಬೇಕು, ಅಂಗಾತ ಬಿದ್ದರೆ ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಮಾಳಿಗೆಯ ಕುಂಡಗಳಿಗೆ ಬಾಯಿ ತುಂಬ ಬೆಣಚುಕಲ್ಲು ಇಲ್ಲವೆ ತೆಂಗಿನ ಸಿಪ್ಪೆಯ ತುಂಡು ಹರಡಿದರೆ ಮುಗಿಯಿತು. ಬೀಜ ಮೊಳೆಯುವವರೆಗೆ ಸಂಜೆ ನೀರು ಕೊಡುವುದೂ ನೆರವಾಗುತ್ತದೆ, ಬೆಕ್ಕಿಗೆ ಒದ್ದೆ ಮಣ್ಣು ಹಿಡಿಸದು. ಆದರೆ ಮಲ ಈಗಾಗಲೇ ಸೇರಿದ ಮಡಿಯನ್ನು ಒದ್ದೆಯಾಗಿಡುವುದು ಆ ಕೋಶಗಳನ್ನು ಕಾಪಾಡಿದಂತೆ. ಅಂಥ ಮಡಿಯನ್ನು ಬೇಸಿಗೆಯಲ್ಲಿ ಅಗೆದು ಕಡುಬಿಸಿಲಿಗೆ ಒಣಗಲು ಬಿಡಬೇಕು, ಮೇಲೆ ಬಲೆ ಹಾಸಿಯೇ ಬಿಡಬೇಕು.

ಕುಪ್ಪಿಗಿಡದ ಸಂಗತಿ ನಮಗೆ ಅನಿರೀಕ್ಷಿತವಾಗಿ ಸಿಕ್ಕ ಪಾಠ. ಹಾಳುಗೋಡೆ, ತಿಪ್ಪೆ, ಹಿತ್ತಲುಗಳಲ್ಲಿ ತಾನೇ ಹುಟ್ಟುವ ಕಳೆ ಅದು. ಕಜ್ಜಿಗೆ ಮದ್ದೆಂದು ಹಿರಿಯರಿಗೆ ಗೊತ್ತು. ಕಳೆ ಕಿತ್ತು ಮಡಿಯ ಬದುವಿನಲ್ಲಿ ಗುಡ್ಡೆ ಹಾಕಿದ ದಿನವೆಲ್ಲ ಬೆಕ್ಕು ಅಲ್ಲಿಯೇ ಹೊರಳಾಡುತ್ತಿತ್ತು. ಕಿತ್ತ ಕುಪ್ಪಿಗಿಡದ ಬೇರಿನ ವಾಸನೆಗೆ ಬೆಕ್ಕುಗಳು ಮರುಳಾಗುತ್ತವೆ. ತಮಿಳಿನಲ್ಲಿ ಆ ಗಿಡಕ್ಕೆ ಬೆಕ್ಕು ವಂದಿಸುವ ಗಿಡವೆಂಬ ಅರ್ಥದ ಹೆಸರೇ ಇದೆ. ಬೆಕ್ಕನ್ನು ಓಡಿಸುತ್ತಿರುವೆವೆಂದುಕೊಂಡು ನಾವೇ ಕರೆಯುತ್ತಿದ್ದೆವು! ಈಗ ಕುಪ್ಪಿಗಿಡ ಕಿತ್ತರೆ ಬೇರುಸಹಿತ ಹಿತ್ತಲಿನ ದೂರದ ಮೂಲೆಗೆ ಒಯ್ಯುತ್ತೇವೆ. ಆ ಮೂಲೆ ಬೆಕ್ಕಿಗೆ ಬಿಟ್ಟ ಜಾಗ.

ಆ ಜಾಗ ಬಿಡುವ ಬುದ್ಧಿ ನಮಗೆ ಬಂದದ್ದು ನೆರೆಮನೆಯ ಅಜ್ಜಿಯಿಂದ. ಬೆಕ್ಕು ಅವರದು. ದೂರು ಹೇಳಲೆಂದು ಹೋದ ನಮಗೆ ಅವರು ಚಹಾ ಕೊಟ್ಟು, "ನಮ್ಮ ಬೆಕ್ಕು ನಿಮ್ಮ ಹಿತ್ತಲಕ್ಕ ಬರತೈತಿ, ಖರೇ. ನಿಮ್ಮ ಹಿತ್ತಲದ ಇಲಿ ನಮ್ಮ ಮನಿಗೆ ಬರತಾವಲ್ರೀ ಅಕ್ಕಾರ, ಅವಕ್ಕೇನು ಮಾಡೂಣ್ರಿ?" ಎಂದರು. ಉತ್ತರವಿರಲಿಲ್ಲ. ನಮ್ಮ ಗೊಬ್ಬರದ ಗುಂಡಿಗೆ ಬೀಳುವ ಅನ್ನ, ರೊಟ್ಟಿಚೂರಿಗೆ ಇಲಿ, ಇಲಿಗೆ ಬೆಕ್ಕು. ಗುಂಡಿಗೆ ಮುಚ್ಚಳ ಮಾಡಿಸಿ, ಬೆಂದ ಅನ್ನ ಹಾಕುವುದನ್ನು ನಿಲ್ಲಿಸಿದೆವು. ಮಗಳ ವಿಷಯ ತಿಳಿಸಿದಾಗ ಅಜ್ಜಿಯ ಮೋರೆಯೇ ಬದಲಾಯಿತು. ಮರುದಿನ ತಾವೇ ಒಂದು ಬುಟ್ಟಿ ಮರಳು ಕಳಿಸಿದರು. ಇಬ್ಬರ ಗೋಡೆ ಕೂಡುವ ನೆರಳಿನ ಮೂಲೆಯಲ್ಲಿ ಮೂರಡಿ ಚೌಕದ ಜಾಗಕ್ಕೆ ಒಂದು ಗೇಣು ಆಳ ಒಣಮರಳು ಹಾಕಿ, ಅಲ್ಲಿಗೆ ನೀರು ಬೀಳದಂತೆ ಹಳೆಯ ತಗಡು ಹೊದಿಸಿದೆವು. ಮಡಿಗಳ ಮೇಲೆ ಬಲೆ, ಮೂಲೆಯಲ್ಲಿ ಮರಳು. ವಾರದೊಳಗೆ ಬೆಕ್ಕು ಅತ್ತ ತಿರುಗಿತು.

ಈ ಮೂಲೆಯನ್ನು ದಿನವೂ ಬೆಳಿಗ್ಗೆ ಶುಚಿ ಮಾಡಲೇಬೇಕು. ಬಸುರಿಯರು ಈ ಕೆಲಸ ಮಾಡಬಾರದು. ಮನೆಯ ಗಂಡಸರು ಮಾಡಲಿ. ರಬ್ಬರಿನ ಕೈಗವಸು ಹಾಕಿ, ಅದಕ್ಕೆಂದೇ ಇಟ್ಟ ಖುರಪಿಯಿಂದ ಮಲವನ್ನು ಸುತ್ತಲ ಮರಳಿನೊಡನೆ ಎತ್ತಿ, ಬಾವಿಯಿಂದ, ಮಡಿಯಿಂದ ದೂರ ಒಂದೂವರೆ ಅಡಿ ಆಳದಲ್ಲಿ ಹೂಳಬೇಕು. ಗೊಬ್ಬರದ ಗುಂಡಿಗೆ ಹಾಕಬಾರದು. ಮನೆಯ ಗುಂಡಿಯ ಕಾವು ಆ ಕೋಶಗಳನ್ನು ಕೊಲ್ಲುವಷ್ಟು ಏರುವುದೆಂಬ ನೆಚ್ಚಿಕೆಯಿಲ್ಲ. ಖುರಪಿಯ ಮೇಲೆ ಕುದಿಯುವ ನೀರು ಸುರಿಯಬೇಕು, ಸಾಬೂನಿನಿಂದ ಕೈ ತೊಳೆಯಬೇಕು.

ಅಜ್ಜಿಯ ಬೆಕ್ಕು ವರ್ಷಕ್ಕೆರಡು ಬಾರಿ ಮರಿ ಹಾಕುತ್ತಿತ್ತು. ಪಶುವೈದ್ಯರಲ್ಲಿ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಜಂತಿನ ಔಷಧ, ರೇಬೀಸ್ ಲಸಿಕೆ ಕೊಡಿಸಿದೆವು. ವೆಚ್ಚವನ್ನು ಎರಡೂ ಮನೆಯವರು ಹಂಚಿಕೊಂಡೆವು. ಜಂತಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ: ಬೆಕ್ಕಿನ ಕರುಳಿನ ದುಂಡುಹುಳುವಿನ ಮೊಟ್ಟೆಗಳು ಮಣ್ಣು ತಿನ್ನುವ ಚಿಕ್ಕ ಮಕ್ಕಳ ಹೊಟ್ಟೆ ಸೇರುತ್ತವೆ, ಬೆಕ್ಕು, ನಾಯಿಗಳ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದೊಳಗೆ ಹೊಕ್ಕು ಹಾವಿನಂತೆ ಡೊಂಕಾದ ಕೆಂಪು ಗೆರೆ ಎಬ್ಬಿಸುತ್ತವೆ, ವಿಪರೀತ ತುರಿಕೆ. ಹಿತ್ತಲಿಗೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ. ಮಕ್ಕಳ ಆಟದ ಮರಳಿಗೆ ರಾತ್ರಿ ಹೊದಿಕೆ ಇರಲಿ.

ಅಡಿಗೆಮನೆಯಲ್ಲಿ

ಹಿತ್ತಲಿನಲ್ಲಿ ಎಷ್ಟು ಮಾಡಿದರೂ ಕೊನೆಯ ಕಾವಲು ಅಡಿಗೆಮನೆಯದೇ. ಬೇಯಿಸಿದ ಸೊಪ್ಪಿಗೆ ಯಾವ ಭಯವೂ ಇಲ್ಲ. ಹಸಿ ಸೊಪ್ಪನ್ನು ಉಪ್ಪುನೀರಿನಲ್ಲಿ, ಅರಿಸಿನ ನೀರಿನಲ್ಲಿ, ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ನೆನೆಸಿದರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ಇದೆ. ಈ ಕೋಶಗಳ ಹೊದಿಕೆ ಬಹಳ ಗಟ್ಟಿ. ಅವನ್ನು ನೆಚ್ಚುವಂತಿಲ್ಲ, ನಲ್ಲಿಯ ನೀರಿಗೆ ಹಾಕುವ ಕ್ಲೋರಿನ್ ಕೂಡ ಅವನ್ನು ಕೊಲ್ಲಲಾರದು. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ಬೆರಳಿನಿಂದ ತಿಕ್ಕಿ ತೊಳೆಯುವುದೇ ಉಪಾಯ. ತೊಳೆದರೆ ಸಾಯುವುದಿಲ್ಲ, ಹೋಗುತ್ತವೆ. ಬುಟ್ಟಿಯ ಸೊಪ್ಪನ್ನು ಒಂದೇ ಪಾತ್ರೆಯ ನೀರಿನಲ್ಲಿ ಮುಳುಗಿಸಿ ತೆಗೆದರೆ ಒಂದು ಎಲೆಯದು ಎಲ್ಲಕ್ಕೂ ಹತ್ತುತ್ತದೆ. ಬಾಳೆ ಎಲೆ ನೂರಾರು ಹಾಕುವ ಮದುವೆ, ದಾಸೋಹಗಳ ಅಡಿಗೆಯವರು ಕೋಸಂಬರಿಗೆ ಸೌತೆಕಾಯಿ, ಗಜ್ಜರಿ ತೊಳೆಯುವಾಗ ಇದನ್ನು ಗಮನಿಸಬೇಕು. ಸಿಪ್ಪೆ ತೆಗೆಯುವ ಮುಂಚೆಯೇ ತೊಳೆಯಬೇಕು, ಇಲ್ಲದಿದ್ದರೆ ಸಿಪ್ಪೆಯ ಮೇಲಿನದನ್ನು ಚಾಕು ಒಳಗೆ ಒಯ್ಯುತ್ತದೆ.

ನಾವೇ ಬಹುಕಾಲ ಗಮನಿಸದ ಒಂದು ಬಿರುಕು ಕೊತ್ತಂಬರಿಯದು. ಸಾರನ್ನು ಮರಳಿ ಮರಳಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಹಸಿ ಕೊತ್ತಂಬರಿ ಹೆಚ್ಚಿ ಉದುರಿಸುತ್ತೇವೆ. ಮಜ್ಜಿಗೆಗೂ ಅದೇ, ಉಪ್ಪಿಟ್ಟಿಗೂ ಅದೇ. ಮಗಳು ಇದ್ದಷ್ಟು ದಿನ ಕೊತ್ತಂಬರಿಯನ್ನು ಕೊನೆಯ ಕುದಿಗೆ ಮುಂಚೆಯೇ ಹಾಕಿದೆವು. ಪರಿಮಳ ಸ್ವಲ್ಪ ಕಡಿಮೆಯಾಯಿತು. ಹಸಿ ಮೆಂತ್ಯೆಯ ಬದಲು ಅದನ್ನೇ ಹೆಸರುಬೇಳೆಯೊಡನೆ ಪಲ್ಯ ಮಾಡಿಕೊಟ್ಟೆವು. ಮೊದಲ ನಾಲ್ಕು ದಿನ ಮುಖ ಗಂಟಿಕ್ಕಿಕೊಂಡು ತಿಂದಳು. ಕುಡಿಯುವ ನೀರನ್ನು ಕುದಿಸಿ ಆರಿಸಿಯೇ ಕೊಟ್ಟೆವು. ಮಾಳಿಗೆಯ ತೊಟ್ಟಿಯ ಮುಚ್ಚಳ ಸೀಳಿದ್ದು ಆಗ ಕಣ್ಣಿಗೆ ಬಿದ್ದು, ಹೊಸದು ತಂದೆವು.

ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಮನೆಯಲ್ಲಿ ಬೆಕ್ಕು ಸಾಕಿದ ಬಸುರಿ ಅದನ್ನು ಹೊರಹಾಕಬೇಕಾಗಿಲ್ಲ. ಬೆಕ್ಕನ್ನು ಮುಟ್ಟುವುದರಿಂದ, ಮಡಿಲಲ್ಲಿ ಕೂರಿಸಿಕೊಳ್ಳುವುದರಿಂದ ಈ ಸೋಂಕು ಬರುವ ಸಂಭವ ತೀರ ಕಡಿಮೆ. ಅದರ ಮಲವನ್ನು ಬೇರೆಯವರು ದಿನವೂ ತೆಗೆದರೆ, ಅದಕ್ಕೆ ಹಸಿಮಾಂಸ ಕೊಡದೆ ಇಲಿಬೇಟೆಗೆ ಹೊರಗೆ ಬಿಡದಿದ್ದರೆ ಸಾಕು.

ವೈದ್ಯೆ ಮಗಳ ರಕ್ತವನ್ನು ಮುಂದೆ ಎರಡು ಬಾರಿ ಪರೀಕ್ಷಿಸಿದರು. ಎರಡರಲ್ಲಿಯೂ ಸೋಂಕು ಕಾಣಲಿಲ್ಲ. ಶ್ರಾವಣದಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತಿಗೆ ಮೆಂತ್ಯೆ, ಸಬ್ಬಸಿಗೆ ಎಲ್ಲವೂ ಹಿತ್ತಲಿನದೇ ಆಯಿತು, ಬೇಯಿಸಿದ್ದು.

ಇದನ್ನು ಬರೆಯುವ ಹೊತ್ತಿಗೆ ಹಿಂಗಾರಿನ ಕೊತ್ತಂಬರಿ ಬಲೆಯ ಕಣ್ಣುಗಳಲ್ಲಿ ಎರಡೆಲೆ ಒಡೆದಿದೆ. ಅಜ್ಜಿಯ ಬೆಕ್ಕು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದೆ. ಮೂರು ದಿನಗಳಿಂದ ಎಲ್ಲಿಯದೋ ಒಂದು ಎಳೆಯ ಗಂಡುಬೆಕ್ಕು ಸಂಜೆಯ ವೇಳೆಗೆ ಗೋಡೆಯ ಮೇಲೆ ಬಂದು ನಮ್ಮ ಮಡಿಗಳನ್ನು ನೋಡುತ್ತ ಕೂರುತ್ತಿದೆ. ಮೂಲೆಗೆ ಇನ್ನೊಂದು ಬುಟ್ಟಿ ಮರಳು ಸುರಿದಿದ್ದೇವೆ.